ಗಾಲ್ಫ್ ಕೋರ್ಸ್ ಡಿಸೈನ್: 60 ಸಾವಿರ ಮರ ಇಟ್ಟ ಮೇಲೆ ಯೂನಿಟಿ ಕುಂಟುತ್ತಿದೆ, ದೂರದ ಮರ ಮಾಯ, ಬೆಂಚು ಗಾಳಿಯಲ್ಲಿ

ಟೀಬಾಕ್ಸ್_7

ನಮಸ್ಕಾರ. ಗಾಲ್ಫ್ ಸಿಮ್ಯುಲೇಟರ್‌ಗೆ ಅಮೆರಿಕದ ನಾರ್ತ್ ಕೆರೊಲೈನಾದ ಪೈನ್‌ಹರ್ಸ್ಟ್ ನಂ. 2 ಕೋರ್ಸ್ ಕಟ್ಟುವ ಕೆಲಸ ನಡೆದಿದೆ. ಜಿಎಸ್‌ಪ್ರೊ (ಗಾಲ್ಫ್ ಸಿಮ್ಯುಲೇಟರ್ ತಂತ್ರಾಂಶ) ಕೋರ್ಸ್‌ಗಳಿಗೆ ಬಳಸುವ, ಓಪಿಸಿಡಿ ಎಂಬ ಕೋರ್ಸ್ ಕಟ್ಟುವ ದಾರಿಯೇ: ಲೈಡಾರ್‌ನಿಂದ (ವಿಮಾನದಿಂದ ಲೇಸರ್ ಬಿಟ್ಟು ಅಳೆದ ಎತ್ತರದ ಬಿಂದುಗಳು) ನೆಲದ ಏರಿಳಿತ, ಇಂಕ್‌ಸ್ಕೇಪ್‌ನಲ್ಲಿ ಫೇರ್‌ವೇ (ಕತ್ತರಿಸಿದ ಹುಲ್ಲಿನ ಆಟದ ಹಾದಿ), ಗ್ರೀನ್ (ಗುಳಿ ಇರುವ ನುಣ್ಣನೆಯ ಹುಲ್ಲು), ಮರಳಿನ ಬಂಕರ್‌ಗಳ ಗೆರೆ, ಬ್ಲೆಂಡರ್‌ನಲ್ಲಿ ಮೆಶ್ (ತ್ರಿಕೋನಗಳಿಂದಾದ 3ಡಿ ಮೇಲ್ಮೈ), ಕೊನೆಗೆ ಯೂನಿಟಿ ಗೇಮ್ ಎಂಜಿನ್. ಟೆರೇನ್ (ಯೂನಿಟಿಯ ನೆಲ) 2000 × 2000 ಮೀಟರ್. ಅಲ್ಲಿಯವರೆಗೆ ಎಲ್ಲ ಸರಿ. ಮರ, ಹುಲ್ಲು, ಬೆಂಚು ಇಡಲು ಹೊರಟ ಮೇಲೆ ಒಂದಾದ ಮೇಲೊಂದು ತೊಂದರೆ:

1. ಯೂನಿಟಿಯ ಮಾಸ್ ಪ್ಲೇಸ್ ಟ್ರೀಸ್‌ನಲ್ಲಿ (ಒಟ್ಟಿಗೇ ಮರ ಬಿತ್ತುವ ಆಯ್ಕೆ) 60,000 ಪೈನ್ ಮರ ಹಾಕಿದೆ. ಒಂದೇ ಪ್ರಿಫ್ಯಾಬ್ (ಮತ್ತೆ ಮತ್ತೆ ಬಳಸುವ ಅಚ್ಚು-ವಸ್ತು), 8,000 ತ್ರಿಕೋನ, ಎಲ್‌ಒಡಿ (ದೂರ ಹೋದಂತೆ ಸರಳ ರೂಪಕ್ಕೆ ಬದಲಾಗುವ ಏರ್ಪಾಡು) ಇಲ್ಲ. ಮೊದಲ ಟೀಯಲ್ಲೇ (ಆಟ ಶುರು ಮಾಡುವ ಜಾಗ) ಸೆಕೆಂಡಿನ ಫ್ರೇಮ್ 60ರಿಂದ 22ಕ್ಕೆ ಇಳಿಯಿತು. ಮರಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿವೆ.
2. ಎಲ್‌ಒಡಿ ಗ್ರೂಪ್ ಸೇರಿಸಿದರೆ ಫ್ರೇಮ್ ಸರಿಹೋಗುತ್ತದೆ, ಆದರೆ ಟೀಯಿಂದ ನೋಡಿದರೆ ಗ್ರೀನ್ ಹಿಂದಿನ ಕಾಡೇ ಕಾಣುವುದಿಲ್ಲ. ಹತ್ತಿರ ಹೋದಂತೆ ಪಟಪಟನೆ ಎದ್ದು ನಿಲ್ಲುತ್ತವೆ.
3. ಲೈಡಾರ್ ಬಿಂದುಗಳಿಂದ ಮರಗಳ ನಿಜವಾದ ಜಾಗ ತೆಗೆದು ಹಾಕಿದರೆ ಇಡೀ ಕಾಡು ಅಸ್ತವ್ಯಸ್ತ. ಫೇರ್‌ವೇ ನಟ್ಟನಡುವೆ ಮರ.
4. ಚೆಂಡು ಕಾಂಡದೊಳಗೆ ನುಗ್ಗಿ ಆಚೆ ಬರುತ್ತದೆ.
5. ವೈರ್‌ಗ್ರಾಸ್ (ಕುಚ್ಚುಕುಚ್ಚಾಗಿ ಬೆಳೆಯುವ ಒರಟು ಹುಲ್ಲು) ಸ್ವಲ್ಪ ದೂರಕ್ಕೇ ಕಾಣೆ, ಹತ್ತಿರದಲ್ಲಿ ಫೇರ್‌ವೇ ಅಂಚು ದಾಟಿ ಒಳಗೆ ಬಂದಿದೆ.
6. ನೆಲದ ಎತ್ತರ ತಿದ್ದಿದ ಮೇಲೆ ಬೆಂಚುಗಳು, ಗಡಿ ಗೂಟಗಳು ತೇಲುತ್ತಿವೆ.

ಯಾವುದನ್ನು ಮೊದಲು ಹಿಡಿಯಬೇಕು?

ಎಲ್‌ಒಡಿ_ರಾಯ

ಮೊದಲೆರಡು ಪ್ರಶ್ನೆಗೆ ಉತ್ತರ ಒಂದೇ ಲೆಕ್ಕದಲ್ಲಿದೆ. ಹೆಚ್ಚಿನವರು ಈ ಲೆಕ್ಕ ಮಾಡದೆ ಸ್ಲೈಡರ್ ಎಳೆದಾಡುತ್ತಾರೆ.

60,000 ಮರ × 8,000 ತ್ರಿಕೋನ ಅಂದರೆ 48 ಕೋಟಿ. ಕ್ಯಾಮೆರಾಕ್ಕೆ ಕಾಲುಭಾಗ ಕಂಡರೂ 12 ಕೋಟಿ. ನೆರಳಿಗೆಂದು ಅದರಲ್ಲಿ ಒಂದಷ್ಟನ್ನು ಇನ್ನೊಮ್ಮೆ ಬರೆಯಬೇಕು. 22 ಫ್ರೇಮ್ ಸಿಕ್ಕಿದ್ದೇ ಹೆಚ್ಚು.

ಎಲ್‌ಒಡಿ ಗ್ರೂಪ್‌ನಲ್ಲಿರುವ ಶೇಕಡಾ ಅಂಕಿ ದೂರವಲ್ಲ. ವಸ್ತು ಪರದೆಯ ಎತ್ತರದ ಎಷ್ಟು ಪಾಲು ತುಂಬುತ್ತದೆ ಎಂಬ ಲೆಕ್ಕ ಅದು. ಕ್ಯಾಮೆರಾದ ಲಂಬ ನೋಟ 60 ಡಿಗ್ರಿ, ಎಲ್‌ಒಡಿ ಬಯಾಸ್ (ಈ ದೂರಗಳನ್ನು ಗುಣಿಸುವ ಅಂಕಿ) 1 ಎಂದಿಟ್ಟುಕೊಳ್ಳಿ. ಆಗ ದೂರ = ಮರದ ಎತ್ತರ ÷ (1.155 × ಪಾಲು). 25 ಮೀಟರ್ ಪೈನ್ ಮರಕ್ಕೆ ಹೀಗೆ ಬರುತ್ತದೆ:

60% – 36 ಮೀ.
30% – 72 ಮೀ.
10% – 216 ಮೀ.
1% – 2165 ಮೀ.

ಹೊಸ ಎಲ್‌ಒಡಿ ಗ್ರೂಪ್ ಹಾಕಿದಾಗ ಯೂನಿಟಿ ಕೊಡುವ ಗಡಿಗಳು 60, 30, 10. ಹತ್ತರ ಕೆಳಗೆ ಹೋದರೆ ಮರವನ್ನೇ ಬಿಡಿಸುವುದಿಲ್ಲ. ಅಂದರೆ ನಿಮ್ಮ ಕಾಡು 216 ಮೀಟರ್‌ಗೇ ಮುಗಿಯುತ್ತಿದೆ. ಗೋಡೆಗಳ ನಡುವೆ ನಡೆಯುವ ಆಟಗಳಿಗೆ ಅದು ಸಾಕು. 600 ಗಜದ ಪಾರ್-5ರಲ್ಲಿ (ಐದು ಹೊಡೆತದ ಹೋಲ್) ಟೀಯಿಂದ ಗ್ರೀನ್‌ಗೇ ಸುಮಾರು 550 ಮೀಟರ್, ಅದರ ಹಿಂದಿನ ಮರ ಕಾಣುವುದಾದರೂ ಹೇಗೆ? ಕೊನೆಯ ಗಡಿಯನ್ನು 1%ಕ್ಕೆ ಎಳೆಯಿರಿ. ಹತ್ತರಿಂದ ಒಂದರವರೆಗಿನ ಜಾಗಕ್ಕೆ ಬಿಲ್‌ಬೋರ್ಡ್ (ಮರದ ಚಿತ್ರವಿರುವ ಚಪ್ಪಟೆ ಹಾಳೆ) ಹಾಕಿ: ಒಂದನ್ನೊಂದು ಅಡ್ಡ ಹಾಯುವ ಮೂರು ಹಾಳೆ, 6 ತ್ರಿಕೋನ.

ಉಳಿದ ಹಂತಗಳಿಗೆ 8,000, 2,500, 600 ತ್ರಿಕೋನ ಸಾಕು. 400 ಹೆಕ್ಟೇರಿಗೆ 60,000 ಮರ ಅಂದರೆ ಹೆಕ್ಟೇರಿಗೆ 150. ನೋಟದ ಅಗಲ ಸುಮಾರು 90 ಡಿಗ್ರಿ ಎಂದರೆ 36 ಮೀಟರ್ ಒಳಗೆ ಬೀಳುವ ಮರ ಸುಮಾರು 15, 72ರ ತನಕ ಇನ್ನು 46, 216ರ ತನಕ 490, ಮಿಕ್ಕಿದ್ದೆಲ್ಲ ಬಿಲ್‌ಬೋರ್ಡ್. ಕೂಡಿದರೆ ಆರು ಲಕ್ಷ ಚಿಲ್ಲರೆ ತ್ರಿಕೋನ. 12 ಕೋಟಿಯಿಂದ ಆರು ಲಕ್ಷಕ್ಕೆ! ಮರದ ಸಂಖ್ಯೆ ಒಂದೂ ಕಡಿಮೆಯಾಗಿಲ್ಲ.

ಎರಡು ಎಚ್ಚರಿಕೆ. ಒಂದು, ಎಡಿಟರ್ ಅಲ್ಟ್ರಾ ಗುಣಮಟ್ಟದಲ್ಲಿದ್ದರೆ ಎಲ್‌ಒಡಿ ಬಯಾಸ್ 2 ಇರುತ್ತದೆ, ಮೇಲಿನ ದೂರಗಳೆಲ್ಲ ದುಪ್ಪಟ್ಟು. ಆಡುವವರ ಕಡೆ ಬಯಾಸ್ 1 ಇದ್ದರೆ ನಿಮಗೆ ಚೆನ್ನಾಗಿ ಕಂಡದ್ದು ಅವರಿಗೆ ಅರ್ಧ ದೂರಕ್ಕೇ ಬದಲಾಗುತ್ತದೆ. ಪರೀಕ್ಷಿಸುವಾಗ ಬಯಾಸ್ 1ಕ್ಕೆ ಇಳಿಸಿ ನೋಡಿ. ಇನ್ನೊಂದು, ಟೆರೇನ್ ಸೆಟ್ಟಿಂಗ್‌ನ ಬಿಲ್‌ಬೋರ್ಡ್ ಸ್ಟಾರ್ಟ್ ಸ್ಲೈಡರ್‌ಗೆ ಎಲ್‌ಒಡಿ ಗ್ರೂಪ್ ಇರುವ ಮರ ಸೊಪ್ಪು ಹಾಕುವುದಿಲ್ಲ. ಅದನ್ನು ಎಳೆದು ಕಾಲ ಕಳೆಯಬೇಡಿ.

ಎಲೆಯ ಮೆಟೀರಿಯಲ್‌ನಲ್ಲಿ ಎನೇಬಲ್ ಜಿಪಿಯು ಇನ್‌ಸ್ಟನ್ಸಿಂಗ್ (ಒಂದೇ ಮೆಶ್‌ನ ಪ್ರತಿಗಳನ್ನು ಒಟ್ಟಿಗೆ ಬಿಡಿಸುವುದು) ಗುರುತು ಹಾಕಿ. ಮೂರನೇ ಹಂತದಿಂದಾಚೆ ನೆರಳು ಬೀಳಿಸುವುದನ್ನು ನಿಲ್ಲಿಸಿ. ಎಲ್ಲ ಒಂದೇ ದಿಕ್ಕಿಗಿರುವುದಕ್ಕೂ ಕಾರಣ ಎಲ್‌ಒಡಿ ಗ್ರೂಪ್ ಇಲ್ಲದಿರುವುದೇ. ಅದಿಲ್ಲದ ಟೆರೇನ್ ಮರಕ್ಕೆ ತಿರುಗುವಿಕೆ ಅನ್ವಯಿಸುವುದಿಲ್ಲ. ಸೇರಿಸಿದ ಮೇಲೆ ಪೇಂಟ್ ಟ್ರೀಸ್‌ನಲ್ಲಿ ರ‍್ಯಾಂಡಮ್ ಟ್ರೀ ರೊಟೇಶನ್ ಎಂಬ ಗುರುತು ಕಾಣುತ್ತದೆ.

ನಾಲ್ಕನೆಯದು ಚಿಕ್ಕದು. ಪ್ರಿಫ್ಯಾಬ್‌ನ ಬೇರಿಗೇ (ರೂಟ್, ಎಲ್ಲಕ್ಕೂ ಮೇಲಿನ ವಸ್ತು) ಕ್ಯಾಪ್ಸೂಲ್ ಕೊಲೈಡರ್ (ಚೆಂಡನ್ನು ತಡೆಯುವ ಕಾಣದ ಆಕಾರ) ಹಾಕಿ, ಒಳಗಿನ ಮಕ್ಕಳ-ವಸ್ತುಗಳಿಗಲ್ಲ. ತ್ರಿಜ್ಯ ಕಾಂಡದಷ್ಟೇ, 0.2 ಮೀಟರ್ ಆಸುಪಾಸು. ಕೊಂಬೆಯನ್ನೂ ಸೇರಿಸಿ ದಪ್ಪ ಮಾಡಿದರೆ ಬರೀ ಗಾಳಿಗೆ ಬಡಿದು ಚೆಂಡು ವಾಪಸ್ ಬರುತ್ತದೆ. ಟೆರೇನ್ ಕೊಲೈಡರ್‌ನಲ್ಲಿ ಎನೇಬಲ್ ಟ್ರೀ ಕೊಲೈಡರ್ಸ್ ಆನ್ ಇರಬೇಕು. ಪ್ರಿಫ್ಯಾಬ್ ಬದಲಿಸಿದ ಮೇಲೆ ಪೇಂಟ್ ಟ್ರೀಸ್ ಫಲಕದಲ್ಲಿ ರಿಫ್ರೆಶ್ ಒತ್ತಿ. ಇದನ್ನು ಮರೆತು ಕೊಲೈಡರ್ ಕೆಟ್ಟಿದೆ ಎನ್ನುವವರೇ ಜಾಸ್ತಿ.

ನಕ್ಷೆಗಾರ

ಮೂರನೆಯದು ನನ್ನ ಪಾಲು. ಮಾಸ್ ಪ್ಲೇಸ್ ಬಿಟ್ಟು ಲೈಡಾರ್‌ಗೆ ಹೋದದ್ದು ಸರಿಯಾದ ದಾರಿ. ಮಾಸ್ ಪ್ಲೇಸ್‌ಗೆ ಫೇರ್‌ವೇ, ಕೆರೆ, ಪಾರ್ಕಿಂಗ್ ಎಲ್ಲ ಒಂದೇ. ಅದು ಇಡೀ ಟೆರೇನ್ ಮೇಲೆ ಬಿತ್ತುತ್ತದೆ.

ಅಸ್ತವ್ಯಸ್ತ ಎಂದಿರಿ, ಹೇಗೆ ಎಂದು ಹೇಳಲಿಲ್ಲ. ತಪ್ಪಿನ ಆಕಾರ ನೋಡಿದರೆ ಕಾರಣ ಗೊತ್ತಾಗುತ್ತದೆ.

ಕಾಡು ಉತ್ತರ-ದಕ್ಷಿಣ ತಲೆಕೆಳಗಾಗಿದ್ದರೆ, ಎಲ್ಲೋ ಒಂದು ಕಡೆ ಮೇಲಿನಿಂದ ಕೆಳಕ್ಕೆ ಎಣಿಸುವ ಪದ್ಧತಿ ಸೇರಿಕೊಂಡಿದೆ. ಚಿತ್ರಗಳಲ್ಲಿ ಮೊದಲ ಸಾಲು ಉತ್ತರ. ಯೂನಿಟಿಯಲ್ಲಿ ಝಡ್ ಸೊನ್ನೆಯೇ ದಕ್ಷಿಣ ಅಂಚು. ಉತ್ತರಾಂಕದಿಂದ (ನಕ್ಷೆಯಲ್ಲಿ ಉತ್ತರಕ್ಕೆ ಎಣಿಸುವ ಅಂಕಿ) ಕಳೆಯುವಾಗ ಟೆರೇನ್‌ನ ದಕ್ಷಿಣ ಅಂಚಿನ ಬೆಲೆಯನ್ನೇ ಕಳೆಯಬೇಕು.

ಮರಗಳು ಟೆರೇನ್‌ನ ಹೊರಗೆಲ್ಲೋ ಹರಡಿದ್ದರೆ ಅಥವಾ ಮೂರು ಪಟ್ಟು ಎತ್ತರವಾಗಿದ್ದರೆ, ಅಡಿ-ಮೀಟರ್ ಗೊಂದಲ. ನಾರ್ತ್ ಕೆರೊಲೈನಾದ ರಾಜ್ಯ ಗ್ರಿಡ್ ಇಪಿಎಸ್‌ಜಿ:2264 (ನಕ್ಷೆಯ ಅಳತೆ ಪದ್ಧತಿಗೆ ಕೊಟ್ಟ ಸಂಖ್ಯೆ) ಅಮೆರಿಕನ್ ಸರ್ವೆ ಅಡಿಯಲ್ಲಿದೆ. ಅದೇ ಗ್ರಿಡ್‌ನ ಮೀಟರ್ ರೂಪ 32119. ಎತ್ತರವೂ ಅಡಿಯಲ್ಲಿರಬಹುದು, ಅದನ್ನು ಬೇರೆಯಾಗಿ ನೋಡಿ.

ಎಲ್ಲ ಮರ ಒಂದೇ ಸಮನೆ ಪೂರ್ವ-ಪಶ್ಚಿಮವಾಗಿ ಒಂದು ಮೀಟರ್ ಚಿಲ್ಲರೆ ಸರಿದಿದ್ದರೆ, ಇದು ಮಜದ ತಪ್ಪು. ಸರ್ವೆ ಅಡಿಯನ್ನು ಸಾಮಾನ್ಯ 0.3048ರಿಂದ ಗುಣಿಸಿದ್ದಾರೆ. ಒಂದು ಅಡಿಗೆ ವ್ಯತ್ಯಾಸ ಮೈಕ್ರಾನ್‌ಗಿಂತ ಕಡಿಮೆ. ಆದರೆ ಈ ಗ್ರಿಡ್‌ನ ಪೂರ್ವಾಂಕ 20 ಲಕ್ಷ ಅಡಿ ಆಸುಪಾಸಿನಲ್ಲಿರುವುದರಿಂದ ಕೂಡುತ್ತಾ ಸುಮಾರು 1.2 ಮೀಟರ್ ಆಗುತ್ತದೆ. ಕೈಯಲ್ಲಿ ಗುಣಿಸುವ ಗೋಜಿಗೇ ಹೋಗಬೇಡಿ. ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ರೀಪ್ರೊಜೆಕ್ಟ್ ಮಾಡಿ (ಗ್ರಿಡ್ ಬದಲಿಸಿ), ಮೀಟರ್ ಅಳತೆಯ ಯುಟಿಎಂ 17 ಉತ್ತರ ಗ್ರಿಡ್‌ಗೆ, ಇಪಿಎಸ್‌ಜಿ:26917. ಟೆರೇನ್, ಇಂಕ್‌ಸ್ಕೇಪ್‌ನ ಹಿನ್ನೆಲೆ ಚಿತ್ರ, ಮರದ ಬಿಂದು ಮೂರೂ ಅದರಲ್ಲೇ ಇರಲಿ.

ಯುಟಿಎಂ ಅಂಕಿಗಳನ್ನು ಹಾಗೇ ಯೂನಿಟಿಗೆ ಸುರಿಯಲೂಬೇಡಿ. ಯೂನಿಟಿಯ ಸ್ಥಾನಗಳು 32 ಬಿಟ್ ಫ್ಲೋಟ್ (ಸೀಮಿತ ನಿಖರತೆಯ ಸಂಖ್ಯೆ). ಉತ್ತರಾಂಕ 39 ಲಕ್ಷದ ಹತ್ತಿರ ಇರುವಾಗ ಅದರ ಅತಿ ಚಿಕ್ಕ ಹೆಜ್ಜೆ 25 ಸೆಂಟಿಮೀಟರ್. ಟೆರೇನ್ ಮೂಲೆಯನ್ನು ಸೊನ್ನೆ ಮಾಡಿ ಮೊದಲು ಕಳೆಯಿರಿ, ಆಮೇಲೆ 2000ದಿಂದ ಭಾಗಿಸಿ. ಟೆರೇನ್ ಮರಕ್ಕೆ ಬೇಕಾದದ್ದು 0ಯಿಂದ 1ರೊಳಗಿನ ಬೆಲೆ.

ಮರ ಹುಡುಕುವ ಕ್ರಮ: ಮೇಲ್ಮೈ ಎತ್ತರದಿಂದ ನೆಲದ ಎತ್ತರ ಕಳೆದರೆ ಮರದ ಎತ್ತರದ ನಕ್ಷೆ. ಅದರಲ್ಲಿ ಶಿಖರ ಹುಡುಕಬೇಕು. ಆರ್ ಭಾಷೆಯ ಲಿಡ್‌ಆರ್ ಪ್ಯಾಕೇಜಿನಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ. ಶಿಖರ ಹುಡುಕುವ ಕಿಟಕಿಯ ಅಗಲ 5 ಮೀಟರ್‌ನಿಂದ ಶುರು ಮಾಡಿ. ತೀರಾ ಚಿಕ್ಕದಾದರೆ ಒಂದೇ ಮರಕ್ಕೆ ಮೂರು ನಾಲ್ಕು ಶಿಖರ, ದೊಡ್ಡದಾದರೆ ಅಕ್ಕಪಕ್ಕದ ಎರಡು ಮರ ಒಂದಾಗುತ್ತವೆ. ಲೈಡಾರ್ ಡೇಟಾದ ಗುಣಮಟ್ಟ ಕ್ಯುಎಲ್2 ಆಗಿದ್ದರೆ ಚದರ ಮೀಟರಿಗೆ ಕನಿಷ್ಠ 2 ಬಿಂದು ಅಷ್ಟೇ, ಆದ್ದರಿಂದ ನಕ್ಷೆಯ ಚೌಕ 1 ಮೀಟರ್ ಇಡಿ. 8 ಬಿಂದುವಿನ ಕ್ಯುಎಲ್1 ಸಿಕ್ಕರೆ ಅರ್ಧ ಮೀಟರ್‌ಗೆ ಇಳಿಸಬಹುದು.

ಲೈಡಾರ್ ಬಿಂದುಗಳ ವರ್ಗ 5 ಅಂದರೆ ಎತ್ತರದ ಮರ ಎಂದು ಓದಿ ಅದನ್ನಷ್ಟೇ ಸೋಸಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. 3ಡಿಇಪಿ (ಅಮೆರಿಕ ಸರ್ಕಾರದ ಲೈಡಾರ್ ಸಂಗ್ರಹ) ಕಡತಗಳಲ್ಲಿ ಗಿಡಮರ ವರ್ಗ 1ರಲ್ಲೇ (ವಿಂಗಡಿಸದ ಬಿಂದು) ಉಳಿದಿರುವುದು ಸಾಮಾನ್ಯ. ನೆಲದ ವರ್ಗ 2 ಮತ್ತು ತಪ್ಪು ಬಿಂದುಗಳ (ನಾಯ್ಸ್) ವರ್ಗ 7, 18 ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಿ. ಆಗ ಕಟ್ಟಡ, ದೀಪದ ಕಂಬ ಕೂಡ ಮರವಾಗಿ ಬರುತ್ತವೆ. ಕ್ಲಬ್‌ಹೌಸ್ ಮಾಡಿನ ಮೇಲೆ ಹದಿನೈದು ಪೈನ್ ಮರ ಬೆಳೆದಿದ್ದರೆ ಕಾರಣ ಇದೇ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕಟ್ಟಡಗಳ ಬಾಹ್ಯರೇಖೆಗೆ 2 ಮೀಟರ್ ಬಫರ್ ಕೊಟ್ಟು ಒಳಗಿನ ಬಿಂದು ಅಳಿಸಿ. ಇನ್ನೊಂದು: ಅಲ್ಲಿ ಲೈಡಾರ್ ಹಾರಾಟ ಹೆಚ್ಚಾಗಿ ಎಲೆ ಉದುರಿದ ಕಾಲದಲ್ಲಿ. ಪೈನ್‌ಗೆ ತೊಂದರೆಯಿಲ್ಲ, ಓಕ್‌ನಂಥವು ಕಡಿಮೆ ಲೆಕ್ಕಕ್ಕೆ ಬರುತ್ತವೆ. ಅವನ್ನು ಕೈಯಲ್ಲಿ ಸೇರಿಸಬೇಕು.

ಫೇರ್‌ವೇ ಮಧ್ಯದ ಮರಕ್ಕೆ ಕೊನೆಯ ಜರಡಿ: ಪ್ರತಿ ಮರದ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ರೇಕಾಸ್ಟ್ (ಯಾವುದಕ್ಕೆ ತಗಲುತ್ತದೆ ಎಂದು ನೋಡುವ ಕಿರಣ) ಬಿಡುವ ಪುಟ್ಟ ಎಡಿಟರ್ ಸ್ಕ್ರಿಪ್ಟ್. ಮೊದಲು ತಗಲಿದ್ದು ಗ್ರೀನ್, ಫೇರ್‌ವೇ, ಬಂಕರ್ ಅಥವಾ ಟೀ ಮೆಶ್ ಆದರೆ ಆ ಮರ ಬಿಡಿ. ಇದಕ್ಕೆ ಆ ಮೆಶ್‌ಗಳಿಗೆ ಮೆಶ್ ಕೊಲೈಡರ್ ಇರಬೇಕು, ಮತ್ತು ಜರಡಿ ಹಿಡಿಯುವ ಹೊತ್ತಿಗೆ ಟ್ರೀ ಕೊಲೈಡರ್ ಆಫ್ ಇರಬೇಕು. ಇಲ್ಲವಾದರೆ ಕಿರಣ ಮರದ ತಲೆಗೇ ತಗಲಿ ನಿಲ್ಲುತ್ತದೆ. ಉಳಿದವನ್ನು ಒಂದೇ ಪಟ್ಟಿಯಾಗಿ ಟೆರೇನ್‌ಗೆ ಕೊಡುವಾಗ ಸ್ನ್ಯಾಪ್ ಟು ಹೈಟ್ ಬೆಲೆ ಟ್ರೂ ಇರಲಿ.

ಎತ್ತರ: ಪ್ರಿಫ್ಯಾಬ್ 20 ಮೀಟರ್, ಲೈಡಾರ್ 26 ಎಂದರೆ ಹೈಟ್ ಸ್ಕೇಲ್ 1.3. ಅಗಲವನ್ನೂ 1.3 ಮಾಡಬೇಡಿ. ಲಾಂಗ್‌ಲೀಫ್ ಪೈನ್ ಉದ್ದಕ್ಕೆ ಬೆಳೆಯುವ ಮರ, ತಲೆಯಲ್ಲಷ್ಟೇ ಸೊಪ್ಪು. ಅಗಲ 0.9ರಿಂದ 1.1ರೊಳಗೆ ಇರಲಿ. 0.7ರಿಂದ 1.4ರಾಚೆ ಎಳೆಯಬೇಕಾಗಿ ಬಂದರೆ ಬೇರೆ ಪ್ರಿಫ್ಯಾಬ್ ಮಾಡುವುದು ಮೇಲು. ಎಳೆಯದು, ನಡುವಿನದು, ಮುದಿಯದು ಹೀಗೆ ನಾಲ್ಕೈದು ಬಗೆ ಇದ್ದರೆ ಕಾಡು ನಂಬುವ ಹಾಗಿರುತ್ತದೆ.

ಹುಲ್ಲುಗಣ್ಣ

ರಾಯರ ಮಾತಿಗೆ ಒಂದು ತಕರಾರು. ನೆರಳನ್ನು ಮೂರನೇ ಹಂತದಿಂದಲೇ ಕತ್ತರಿಸಿದರೆ 72 ಮೀಟರ್ ಆಚೆ ಫೇರ್‌ವೇ ಮೇಲೆ ನೆರಳೇ ಇರುವುದಿಲ್ಲ. ಗಾಲ್ಫ್‌ನಲ್ಲಿ ನೆಲದ ಇಳಿಜಾರು ಕಣ್ಣಿಗೆ ತಿಳಿಯುವುದೇ ನೆರಳಿನಿಂದ. ಮೂರನೇ ಹಂತದ 600 ತ್ರಿಕೋನ ನೆರಳಿಗೇನೂ ಭಾರವಲ್ಲ. ಬಿಲ್‌ಬೋರ್ಡ್‌ಗೆ ಮಾತ್ರ ನಿಲ್ಲಿಸಿ. ಶ್ಯಾಡೋ ಡಿಸ್ಟನ್ಸ್ ಅನ್ನು 200 ಮೀಟರ್ ಹತ್ತಿರ ಇಟ್ಟರೆ ಎರಡೂ ಒಂದೇ ಜಾಗದಲ್ಲಿ ಮುಗಿಯುತ್ತವೆ.

ಈಗ ವೈರ್‌ಗ್ರಾಸ್. ಕೋರ್ಸ್ ವಿನ್ಯಾಸಕ ಡೊನಾಲ್ಡ್ ರಾಸ್ 1907ರಲ್ಲಿ ತೆರೆದ ಈ ಕೋರ್ಸನ್ನು 2010–11ರಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಹಳೆಯ ರೂಪಕ್ಕೆ ತಂದಾಗ ಎಕರೆಗಟ್ಟಲೆ ಹುಲ್ಲುಹಾಸು ಕಿತ್ತು ಮರಳು, ವೈರ್‌ಗ್ರಾಸ್ ಬಿಟ್ಟರು. 2014 ಮತ್ತು 2024ರ ಯುಎಸ್ ಓಪನ್‌ನಲ್ಲಿ ಕಂಡದ್ದು ಆ ರೂಪ. ಅಂದರೆ ಇಲ್ಲಿ ಹುಲ್ಲಿನ ಗಡ್ಡೆಗಳೇ (ಕುಚ್ಚುಗಳೇ) ರಫ್ (ಫೇರ್‌ವೇ ಆಚೆಯ ಒರಟು ಜಾಗ). ಬೇರೆ ಕೋರ್ಸ್‌ನಲ್ಲಿ ಅಲಂಕಾರವಾಗಿರುವುದು ಇಲ್ಲಿ ಆಟದ ಭಾಗ. ಅದಕ್ಕೇ ಎರಡು ಪದರ ಮಾಡಿ. ಫೇರ್‌ವೇ ಅಂಚಿನಿಂದ 15–20 ಮೀಟರ್ ಒಳಗಿನ ಗಡ್ಡೆಗಳನ್ನು ಟೆರೇನ್ ಮರವಾಗಿಯೇ ಇಡಿ, ಎಲ್‌ಒಡಿ ಸಮೇತ. ಆಚೆಯದನ್ನು ಡೀಟೇಲ್ (ಟೆರೇನ್ ಮೇಲೆ ಬಳಿಯುವ ಹುಲ್ಲಿನ ಪದರ) ಆಗಿ ಬಳಿಯಿರಿ.

ದೂರಕ್ಕೆ ಕಾಣೆಯಾಗುವುದಕ್ಕೆ ಕಾರಣ ಡೀಟೇಲ್ ಡಿಸ್ಟನ್ಸ್, ತಾನಾಗಿ 80 ಮೀಟರ್ ಇರುತ್ತದೆ. ಅದನ್ನು ಬೇಕಾಬಿಟ್ಟಿ ಏರಿಸಿದರೆ ಮರದಲ್ಲಿ ಉಳಿಸಿದ್ದೆಲ್ಲ ಹುಲ್ಲಿನಲ್ಲಿ ಕಳೆಯುತ್ತದೆ. 120ಕ್ಕೆ ನಿಲ್ಲಿಸಿ, ಹುಲ್ಲಿರುವ ಕಡೆ ಟೆರೇನ್ ಬಣ್ಣದಲ್ಲೇ ಮರಳಿನ ಮೇಲೆ ಕಂದು-ಹಸಿರು ಮಚ್ಚೆಗಳ ಟೆಕ್ಸ್‌ಚರ್ ಬಳಿಯಿರಿ. ಗಡ್ಡೆ ಮಾಯವಾದ ಜಾಗದಲ್ಲಿ ಅದೇ ಬಣ್ಣ ಉಳಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಹುಲ್ಲಿನ ಹೆಲ್ತಿ, ಡ್ರೈ ಬಣ್ಣಗಳನ್ನು ಆ ಟೆಕ್ಸ್‌ಚರ್‌ನಿಂದಲೇ ಎತ್ತಿಕೊಳ್ಳಿ.

ಅಂಚು ದಾಟುವುದಕ್ಕೆ ಕಾರಣ ಡೀಟೇಲ್ ರೆಸಲ್ಯೂಶನ್. 2000 ಮೀಟರ್ ಟೆರೇನ್‌ಗೆ 1024 ಇದ್ದರೆ ಒಂದು ಚೌಕ ಹತ್ತಿರಹತ್ತಿರ 2 ಮೀಟರ್. ಎಷ್ಟು ಸಣ್ಣ ಬ್ರಷ್ ಹಿಡಿದರೂ ಅದಕ್ಕಿಂತ ನಯವಾಗಿ ಬಳಿಯಲು ಬರುವುದಿಲ್ಲ. 2048 ಮಾಡಿದರೆ 1 ಮೀಟರ್. ಇದನ್ನು ಬಳಿಯುವ ಮೊದಲೇ ತೀರ್ಮಾನಿಸಿ. ಆಮೇಲೆ ಬದಲಿಸಿದರೆ ಬಳಿದದ್ದು ಅಳಿಸಿಹೋಗಬಹುದು. ಟೆರೇನ್ ಡೇಟಾ ಅಸೆಟ್‌ನ ಪ್ರತಿ ತೆಗೆದಿಡದೆ ಆ ಅಂಕಿ ಮುಟ್ಟಬೇಡಿ.

ಬೆಂಚು, ಗೂಟ: ಇವು ಟೆರೇನ್ ಮರಗಳಲ್ಲ, ಬಿಡಿ ಗೇಮ್‌ಆಬ್ಜೆಕ್ಟ್‌ಗಳು, ನೆಲ ತಗ್ಗಿದರೂ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ನೆಲ ಪೂರ್ತಿ ಮುಗಿಯುವ ತನಕ ಇಡಬೇಡಿ ಎನ್ನುವುದು ಸುಲಭ, ಆದರೆ ಯಾರ ನೆಲವೂ ಪೂರ್ತಿ ಮುಗಿಯುವುದಿಲ್ಲ. ಎಲ್ಲವನ್ನೂ ಹೋಲ್_01ರಿಂದ ಹೋಲ್_18ರವರೆಗಿನ ಖಾಲಿ ತಂದೆ-ವಸ್ತುಗಳ ಕೆಳಗೆ ಹಾಕಿ, ಸೀನರಿ ಎಂಬ ಬೇರೆ ಲೇಯರ್ ಕೊಡಿ. ನಕ್ಷೆಗಾರರು ಹೇಳಿದ ರೇಕಾಸ್ಟ್ ಸ್ಕ್ರಿಪ್ಟನ್ನೇ ತುಸು ಬದಲಿಸಿದರೆ ಒಂದು ತಂದೆ-ವಸ್ತು ಆರಿಸಿ ಅದರ ಮಕ್ಕಳನ್ನೆಲ್ಲ ನೆಲಕ್ಕೆ ಕೂರಿಸಬಹುದು. ಕಿರಣಕ್ಕೆ ಸೀನರಿ ಲೇಯರ್ ಕಾಣದ ಹಾಗೆ ಮಾಡಿ, ಇಲ್ಲದಿದ್ದರೆ ಬೆಂಚು ತನ್ನ ಮೇಲೆ ತಾನೇ ಹತ್ತಿ ಕೂರುತ್ತದೆ. ಬೆಂಚು ನೆಲದ ಓರೆ ಅನುಸರಿಸಲಿ, ಗೂಟ ಮಾತ್ರ ಯಾವಾಗಲೂ ನೆಟ್ಟಗೆ. ಬಿಳಿ, ಹಳದಿ, ಕೆಂಪು ಗೂಟಗಳಿಗೆ ಮೂರು ಪ್ರಿಫ್ಯಾಬ್ ಸಾಕು. ಕೈಯಲ್ಲಿ ಬಣ್ಣ ಬದಲಿಸಿದ ನೂರು ಪ್ರತಿ ಮಾಡಿದರೆ ನಾಳೆ ಎತ್ತರ ತಿದ್ದಲು ನೂರು ಕಡೆ ಹೋಗಬೇಕು.

ಟೀಬಾಕ್ಸ್_7

ಮೂವರಿಗೂ ಧನ್ಯವಾದ. ತಲೆಕೆಳಗಾಗಿದ್ದೇ ಸಮಸ್ಯೆ, ದಕ್ಷಿಣ ಅಂಚು ಕಳೆದ ಮೇಲೆ ಕಾಡು ತನ್ನ ಜಾಗಕ್ಕೆ ಬಂತು. ಗಡಿ 1%ಕ್ಕೆ ಇಳಿಸಿ ಬಿಲ್‌ಬೋರ್ಡ್ ಹಾಕಿದ ಮೇಲೆ ಫ್ರೇಮ್ 58. ಉಳಿದದ್ದು ಎರಡು. ದೂರದ ಪೈನ್‌ಗಳು ಬೋಳು ಬೋಳಾಗಿ ಕಾಣುತ್ತವೆ, ಹತ್ತಿರ ಬಂದರೆ ಸೊಪ್ಪು ತುಂಬುತ್ತದೆ. ಬ್ಲೆಂಡರ್‌ನಿಂದ ತಂದ ಎಳೆ ಮರವೊಂದು ಸೀನ್‌ನಲ್ಲಿ ಎಳೆದು ಬಿಟ್ಟರೆ ನೆಟ್ಟಗಿದೆ, ಟೆರೇನ್ ಮರವಾಗಿ ಬಳಿದರೆ ಮಲಗಿಕೊಳ್ಳುತ್ತದೆ.

ಎಲ್‌ಒಡಿ_ರಾಯ

ನೆರಳಿನ ವಿಷಯದಲ್ಲಿ ಹುಲ್ಲುಗಣ್ಣ ಹೇಳಿದ್ದೇ ಸರಿ, ಬಿಲ್‌ಬೋರ್ಡ್‌ಗಷ್ಟೇ ನಿಲ್ಲಿಸಿ.

ಬೋಳಾಗುವುದು ಮಿಪ್‌ಮ್ಯಾಪ್‌ನಿಂದ (ದೂರಕ್ಕೆ ಬಳಸುವ ಟೆಕ್ಸ್‌ಚರ್‌ನ ಚಿಕ್ಕ ಪ್ರತಿಗಳು). ಟೆಕ್ಸ್‌ಚರ್ ಚಿಕ್ಕದಾದಂತೆ ಸೂಜಿ ಎಲೆಯ ಆಲ್ಫಾ (ಪಾರದರ್ಶಕತೆಯ ಬೆಲೆ) ಸುತ್ತಲಿನ ಖಾಲಿಯೊಡನೆ ಬೆರೆತು ಕತ್ತರಿಸುವ ಮಿತಿಗಿಂತ ಕೆಳಗೆ ಇಳಿಯುತ್ತದೆ. ಟೆಕ್ಸ್‌ಚರ್ ಇಂಪೋರ್ಟ್‌ನಲ್ಲಿ ಮಿಪ್‌ಮ್ಯಾಪ್ಸ್ ಪ್ರಿಸರ್ವ್ ಕವರೇಜ್ ಗುರುತು ಹಾಕಿ, ಅಲ್ಲಿನ ಕಟ್‌ಆಫ್ ಬೆಲೆ ಮೆಟೀರಿಯಲ್‌ನಲ್ಲಿರುವ ಬೆಲೆಯೇ ಆಗಿರಲಿ. ಎರಡು ಬೇರೆಯಾದರೆ ಉಪಯೋಗವಿಲ್ಲ.

ಮಲಗುವುದಕ್ಕೆ ಕಾರಣ ಬ್ಲೆಂಡರ್‌ನಲ್ಲಿ ಮೇಲ್ಮುಖ ಝಡ್, ಯೂನಿಟಿಯಲ್ಲಿ ವೈ. ಎಫ್‌ಬಿಎಕ್ಸ್ (3ಡಿ ಮಾದರಿಯ ಕಡತ) ತರುವಾಗ ಬೇರಿಗೆ 90 ಡಿಗ್ರಿ ತಿರುವು ಸೇರುತ್ತದೆ. ಸೀನ್‌ನಲ್ಲಿ ಆ ತಿರುವು ಲೆಕ್ಕಕ್ಕೆ ಬರುತ್ತದೆ, ಟೆರೇನ್ ಮಾತ್ರ ಬೇರಿನ ತಿರುವನ್ನು ಬಿಟ್ಟು ಮೆಶ್ ಅನ್ನಷ್ಟೇ ತೆಗೆದುಕೊಳ್ಳುತ್ತದೆ. ಯೂನಿಟಿಯ ಮಾಡೆಲ್ ಇಂಪೋರ್ಟ್‌ನಲ್ಲಿ ಬೇಕ್ ಆಕ್ಸಿಸ್ ಕನ್ವರ್ಶನ್ ಹಾಕಿ, ಪ್ರಿಫ್ಯಾಬ್ ಬೇರಿನ ತಿರುವು 0, 0, 0 ಇದೆಯೇ ನೋಡಿ. ಬ್ಲೆಂಡರ್‌ಗೆ ಹೋದಾಗಲೇ ಇನ್ನೊಂದು ಕೆಲಸ: ಕಾಂಡವನ್ನು ಮೂಲಬಿಂದುವಿನಿಂದ 30 ಸೆಂಟಿಮೀಟರ್ ಕೆಳಕ್ಕೆ ಉದ್ದ ಮಾಡಿ. 25 ಸೆಂ.ಮೀ. ತ್ರಿಜ್ಯದ ಕಾಂಡ 20 ಡಿಗ್ರಿ ಇಳಿಜಾರಿನಲ್ಲಿ ನಿಂತರೆ ಕೆಳಬದಿಯಲ್ಲಿ 9 ಸೆಂಟಿಮೀಟರ್ ಸಂದು ಬಿಡುತ್ತದೆ. ತೇಲುವ ಮರ ಎಂದು ದೂರುವುದರಲ್ಲಿ ಅರ್ಧ ಇದೇ.

ಕಬ್ಬನ್‌ಪೇಟೆ_ಪಟರ್

ಇದೇ ವಿಧಾನದಲ್ಲಿ ಬೆಂಗಳೂರಿನ ಕೋರ್ಸ್ ಮಾಡಬಹುದೇ? 1876ರ ಬೆಂಗಳೂರು ಗಾಲ್ಫ್ ಕ್ಲಬ್ ಮನಸ್ಸಿನಲ್ಲಿದೆ. ಉಚಿತವಾಗಿ ಸಿಕ್ಕಿದ್ದು ಯುರೋಪಿನ ಕೋಪರ್ನಿಕಸ್ ಯೋಜನೆಯ, 30 ಮೀಟರ್ ಚೌಕದ ಎತ್ತರ-ನಕ್ಷೆ ಮಾತ್ರ.

ನಕ್ಷೆಗಾರ

ಮರ ಹುಡುಕುವ ಭಾಗ ಆಗದು. 30 ಮೀಟರ್ ಚೌಕ ಅಂದರೆ 900 ಚದರ ಮೀಟರಿಗೆ ಒಂದು ಎತ್ತರ. ಒಂದು ಗ್ರೀನ್ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಜತೆಗೆ ಕೋಪರ್ನಿಕಸ್ ನಕ್ಷೆ ಮೇಲ್ಮೈಯದು, ನೆಲದ್ದಲ್ಲ. ಮರದ ಗುಂಪಿದ್ದ ಕಡೆ ನೆಲವೇ ದಿಬ್ಬವಾಗಿ ಉಬ್ಬಿರುತ್ತದೆ. ಅದರ ಮೇಲೆ ಮತ್ತೆ ಮರ ಇಟ್ಟರೆ ಎತ್ತರ ಎರಡು ಸಲ ಲೆಕ್ಕವಾಗುತ್ತದೆ. ದೊಡ್ಡ ಇಳಿಜಾರಿನ ದಿಕ್ಕಿಗೆ ಮಾತ್ರ ಅದನ್ನು ನಂಬಿ. ದಿಬ್ಬಗಳನ್ನು ಸ್ಮೂತ್ ಬ್ರಷ್‌ನಿಂದ ತಗ್ಗಿಸಿ, ಗ್ರೀನ್‌ಗಳನ್ನು ಕೈಯಲ್ಲೇ ತಿದ್ದಬೇಕು.

ಮರಗಳನ್ನು ಉಪಗ್ರಹ ಚಿತ್ರದ ಮೇಲೆ ಕ್ಯುಜಿಐಎಸ್‌ನಲ್ಲಿ ಒಂದೊಂದೇ ಬಿಂದುವಾಗಿ ಗುರುತಿಸಿ. ಊರ ನಡುವಿನ ಕೋರ್ಸ್, ಸಂಖ್ಯೆ ಪೈನ್‌ಹರ್ಸ್ಟ್‌ನಷ್ಟು ಆಗುವುದಿಲ್ಲ. ಎತ್ತರಕ್ಕೆ ನೆರಳು ಅಳೆಯಿರಿ. ಅದೇ ಚಿತ್ರದಲ್ಲಿ ಎತ್ತರ ಗೊತ್ತಿರುವ ಕಟ್ಟಡದ ನೆರಳು ಅಳೆದರೆ ಅನುಪಾತ ಸಿಗುತ್ತದೆ, ಎರಡೂ ಸಮತಟ್ಟು ನೆಲದಲ್ಲಿ ಬಿದ್ದಿರಬೇಕು ಅಷ್ಟೇ. ಪ್ರತಿ ಬಿಂದುವಿಗೆ ಜಾತಿ ಎಂಬ ಕಾಲಂ ಸೇರಿಸಿ, ಮಳೆಮರ, ಗುಲ್‌ಮೊಹರ್, ಸಿಲ್ವರ್ ಓಕ್, ನೀಲಗಿರಿ ಹೀಗೆ. ಸ್ಕ್ರಿಪ್ಟ್ ಆ ಕಾಲಂ ನೋಡಿ ಪ್ರಿಫ್ಯಾಬ್ ಆರಿಸಲಿ.

ಒಂದು ವ್ಯತ್ಯಾಸ ನೆನಪಿರಲಿ: ಮಳೆಮರದಲ್ಲಿ ಎತ್ತರಕ್ಕಿಂತ ಕೊಡೆಯ ಅಗಲವೇ ದೊಡ್ಡದು. ಎಲ್‌ಒಡಿ ಲೆಕ್ಕ ಹಿಡಿಯುವುದು ವಸ್ತುವಿನ ಅತಿ ದೊಡ್ಡ ಅಳತೆಯನ್ನು. ಆದ್ದರಿಂದ ರಾಯರ ಸೂತ್ರದಲ್ಲಿ ಎತ್ತರದ ಬದಲು ಅಗಲ ಹಾಕಬೇಕು. 15 ಮೀಟರ್ ಎತ್ತರ, 25 ಮೀಟರ್ ಹರವಿನ ಮಳೆಮರ 10% ಗಡಿ ಮುಟ್ಟುವುದು 130ರಲ್ಲಲ್ಲ, 216 ಮೀಟರ್‌ನಲ್ಲೇ.